ಆಸ್ಪತ್ರೆಯ ನೀರು, ಕರೆಂಟು, ಕಸ: ಅಳೆದು ತಗ್ಗಿಸುವ ಒಂದು ವರ್ಷದ ಅಧ್ಯಯನ ಮಾಡುವ ಬಗೆ

ಬೆಂಗಳೂರಿನ 50ರಿಂದ 150 ಹಾಸಿಗೆಗಳ ಆಸ್ಪತ್ರೆಯೊಂದು ತನ್ನ ನೀರು, ವಿದ್ಯುತ್, ಅರಿವಳಿಕೆ ಅನಿಲ ಮತ್ತು ತ್ಯಾಜ್ಯದ ಲೆಕ್ಕವನ್ನು ತಾನೇ ಹಿಡಿದು, ತಗ್ಗಿಸಿ, ತಗ್ಗಿದ್ದು ನಿಜವೆಂದು ತೋರಿಸುವ ವಿಧಾನ ಇಲ್ಲಿದೆ. ಹೊರಗಿನ ಸಲಹೆಗಾರರು ಬೇಕೆಂದಿಲ್ಲ. ಆರೇಳು ಮೀಟರು, ಒಂದು ತೂಕದ ಯಂತ್ರ, ಒಂದು ರಿಜಿಸ್ಟರ್, ದಿನಕ್ಕೆ ಅರ್ಧ ಗಂಟೆ ಕೊಡಬಲ್ಲ ಮೂರು ಜನ ಇದ್ದರೆ ಸಾಕು. ಜೊತೆಗೆ ಒಂದು ವರ್ಷದ ತಾಳ್ಮೆ ಬೇಕು.

ಜಗತ್ತಿನ ಒಟ್ಟು ಹಸಿರುಮನೆ ಅನಿಲದಲ್ಲಿ ಆರೋಗ್ಯ ಕ್ಷೇತ್ರದ ಪಾಲು ಶೇ. 4.4 ಎಂದು 2019ರಲ್ಲಿ ಹೆಲ್ತ್ ಕೇರ್ ವಿತೌಟ್ ಹಾರ್ಮ್ ಸಂಸ್ಥೆ ಲೆಕ್ಕ ಹಾಕಿತ್ತು. ಬೆಂಗಳೂರಿನ ಆಸ್ಪತ್ರೆಗೆ ಇದಕ್ಕಿಂತ ಹತ್ತಿರದ ಕಾರಣವೂ ಇದೆ. ಇಲ್ಲಿನ ನಲ್ಲಿಗೆ ಬರುವ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪ್ ಆಗಿ, ಸುಮಾರು 100 ಕಿ.ಮೀ. ದೂರದಿಂದ ಅರ್ಧ ಕಿಲೋಮೀಟರ್‌ನಷ್ಟು ಎತ್ತರಕ್ಕೆ ಏರಿ ಬರುತ್ತದೆ. ಸೋರಿಹೋದ ಪ್ರತಿ ಕೊಡ ನೀರಿನ ಜೊತೆ ಅದನ್ನು ಮೇಲೆತ್ತಿದ ಕರೆಂಟೂ ಸೋರಿಹೋಗುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್‌ಗೆ ಪರದಾಡಿದ ಆಸ್ಪತ್ರೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಲಾಬಿಯಲ್ಲಿ ಗಿಡ ಇಡುವುದು, ‘ನೀರು ಉಳಿಸಿ’ ಎಂದು ಸ್ಟಿಕ್ಕರ್ ಅಂಟಿಸುವುದು, ಕಾಗದ ಕಡಿಮೆ ಮಾಡುವುದು ತಪ್ಪಲ್ಲ. ಆದರೆ ಆಸ್ಪತ್ರೆಯ ದೊಡ್ಡ ಪೋಲು ನಡೆಯುವುದು ರೋಗಿಯ ಕಣ್ಣಿಗೆ ಬೀಳದ ಜಾಗದಲ್ಲಿ, ಬಹಳಮಟ್ಟಿಗೆ ರಾತ್ರಿ ಹೊತ್ತಿನಲ್ಲಿ. ಟೆರೇಸಿನ ಎಎಚ್‌ಯು (ತಂಪು ಗಾಳಿ ಊದುವ ಯಂತ್ರ), ನೆಲಮಾಳಿಗೆಯ ಪಂಪು, ಆರ್‌ಒ (ನೀರು ಶುದ್ಧೀಕರಿಸುವ ಯಂತ್ರ) ಕೋಣೆಯ ಮೋರಿ, ಗ್ಯಾಸ್ ಮ್ಯಾನಿಫೋಲ್ಡ್ (ಸಿಲಿಂಡರುಗಳನ್ನು ಪೈಪಿಗೆ ಜೋಡಿಸುವ ಜಾಗ) ಇವೇ ಆ ಜಾಗಗಳು. ಅಧ್ಯಯನವೂ ಅಲ್ಲಿಗೇ ಹೋಗಬೇಕು.

ಹಂತ 1: ಪ್ರಶ್ನೆ ಮತ್ತು ಗಡಿ

‘ನಮ್ಮ ಆಸ್ಪತ್ರೆಯನ್ನು ಹಸಿರಾಗಿಸುವುದು’ ಎಂಬುದು ಅಧ್ಯಯನದ ಪ್ರಶ್ನೆಯಾಗುವುದಿಲ್ಲ. ‘ಒಂದು ಬೆಡ್-ದಿನಕ್ಕೆ (ಒಂದು ಹಾಸಿಗೆಯಲ್ಲಿ ಒಬ್ಬ ರೋಗಿ ಒಂದು ದಿನ ಇದ್ದದ್ದಕ್ಕೆ) ಬಳಸುವ ನೀರನ್ನು, ಸೋಂಕಿನ ಪ್ರಮಾಣ ಹೆಚ್ಚದಂತೆ, 9 ತಿಂಗಳಲ್ಲಿ ಐದನೇ ಒಂದು ಭಾಗ ತಗ್ಗಿಸಬಹುದೇ?’ ಎಂದು ಕೇಳಿದರೆ ಪ್ರಶ್ನೆಯಾಯಿತು. ಏನು, ಯಾವುದರ ಲೆಕ್ಕದಲ್ಲಿ, ಎಷ್ಟು, ಯಾವಾಗಿನೊಳಗೆ, ಏನು ಕೆಡಬಾರದು ಎಂಬ ಐದೂ ಅದರಲ್ಲಿರಬೇಕು.

ಗಡಿಯನ್ನೂ ಬರೆದಿಡಿ. ಲಾಂಡ್ರಿ ಹೊರಗೆ ಕೊಟ್ಟಿದ್ದೀರಾ? ಕ್ಯಾಂಟೀನ್ ಗುತ್ತಿಗೆಯವರದೇ? ಸಿಬ್ಬಂದಿ ಹಾಸ್ಟೆಲ್ ಅದೇ ಸಂಪಿನಿಂದ ನೀರು ಎಳೆಯುತ್ತದೆಯೇ? ಅಧ್ಯಯನದ ನಡುವೆ ಲಾಂಡ್ರಿಯನ್ನು ಹೊರಗೆ ಕೊಟ್ಟರೆ ನೀರಿನ ಗೆರೆ ಧಡಕ್ಕನೆ ಇಳಿಯುತ್ತದೆ, ಉಳಿದದ್ದು ಮಾತ್ರ ಏನೂ ಇರುವುದಿಲ್ಲ.

ಹಂತ 2: ಮೂರು ಜನ

ಮೇಂಟೆನೆನ್ಸ್ ವಿಭಾಗದ ಒಬ್ಬರು, ಸೋಂಕು ನಿಯಂತ್ರಣದ ನರ್ಸ್, ಅಕೌಂಟ್ಸ್‌ನ ಒಬ್ಬರು. ಅವರ ಮೇಲೆ ಸಹಿ ಮಾಡುವ ಅಧಿಕಾರವಿರುವ ಒಬ್ಬ ವೈದ್ಯರು. 30 ಹಾಸಿಗೆ ಮತ್ತು ಅದಕ್ಕಿಂತ ಹೆಚ್ಚಿನ ಆಸ್ಪತ್ರೆಯಲ್ಲಿ ಜೈವಿಕ ವೈದ್ಯಕೀಯ ತ್ಯಾಜ್ಯದ ಸಮಿತಿ ಇರಬೇಕೆಂದು 2016ರ ನಿಯಮಗಳೇ ಹೇಳುತ್ತವೆ. ಹೊಸ ಸಮಿತಿ ಕಟ್ಟುವ ಬದಲು ಅದಕ್ಕೇ ಈ ಕೆಲಸ ವಹಿಸಿ. ಆ ಸಮಿತಿ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು ಎಂಬುದು ನಿಯಮ. ಈ ಅಧ್ಯಯನಕ್ಕೆ ತಿಂಗಳಿಗೊಮ್ಮೆ ಸೇರಬೇಕು.

ಸೋಂಕು ನಿಯಂತ್ರಣದ ಸಿಸ್ಟರ್ ಇಲ್ಲದೆ ಶುರು ಮಾಡಬೇಡಿ. ನೀರು, ಗಾಳಿ, ಕಸ ಇವುಗಳಲ್ಲಿ ಏನೇ ಬದಲಾಯಿಸಿದರೂ ‘ಸೋಂಕು ಹೆಚ್ಚಿದರೆ ಯಾರು ಹೊಣೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದದ್ದೇ. ಉತ್ತರ ಹೇಳಬಲ್ಲವರು ಮೊದಲ ದಿನದಿಂದ ಒಳಗಿರಲಿ.

ಹಂತ 3: ಯಾವುದರಿಂದ ಭಾಗಿಸಬೇಕು

ತಿಂಗಳ ಒಟ್ಟು ಬಳಕೆ ಏನನ್ನೂ ಹೇಳುವುದಿಲ್ಲ. ಮಳೆಗಾಲದಲ್ಲಿ ಡೆಂಗಿ ಬಂದಾಗ ವಾರ್ಡು ತುಂಬುತ್ತದೆ. ದಸರಾ, ದೀಪಾವಳಿ ವಾರಗಳಲ್ಲಿ ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗಳು ನಿಲ್ಲುತ್ತವೆ. ಆದ್ದರಿಂದ ಪ್ರತಿ ರಾತ್ರಿ 12ಕ್ಕೆ ಎಷ್ಟು ಹಾಸಿಗೆಯಲ್ಲಿ ರೋಗಿಗಳಿದ್ದರು ಎಂದು ಎಣಿಸಿ ಕೂಡಿಸಿ. ಅದೇ ಬೆಡ್-ದಿನ. ಒಪಿಡಿಯನ್ನು (ಹೊರರೋಗಿಗಳನ್ನು) ಅದರೊಳಗೆ ಬೆರೆಸಬೇಡಿ, ಬೇರೆ ಕಾಲಂ ಇರಲಿ. ಡಯಾಲಿಸಿಸ್ ಸರದಿಗಳ ಸಂಖ್ಯೆ, ಓಟಿ (ಶಸ್ತ್ರಚಿಕಿತ್ಸೆಯ ಕೋಣೆ) ನಡೆದ ಗಂಟೆಗಳೂ ಬೇರೆ ಬೇರೆ.

ಭಾಗಿಸುವುದರಲ್ಲೂ ಒಂದು ಬಲೆ ಇದೆ. ಉದಾಹರಣೆಗೆ, ಒಂದು ವಾರ 400 ಬೆಡ್-ದಿನಕ್ಕೆ 14,000 ಯೂನಿಟ್, ಇನ್ನೊಂದು ವಾರ 600 ಬೆಡ್-ದಿನಕ್ಕೆ 15,000 ಯೂನಿಟ್ ಖರ್ಚಾಯಿತು ಎನ್ನಿ. ಬೆಡ್-ದಿನಕ್ಕೆ ಮೊದಲನೆಯದು 35, ಎರಡನೆಯದು 25. ಎರಡನೇ ವಾರ ಯಾರೂ ಏನೂ ಉಳಿಸಿಲ್ಲ, ರೋಗಿಗಳು ಹೆಚ್ಚಿದ್ದರು ಅಷ್ಟೇ. ವಾರದ ಯೂನಿಟ್‌ಗಳನ್ನು ಬೆಡ್-ದಿನದ ಎದುರು ಚುಕ್ಕಿಯಿಟ್ಟು ನೇರಗೆರೆ ಎಳೆಯಿರಿ (ಸ್ಪ್ರೆಡ್‌ಶೀಟ್ ಇದನ್ನು ತಾನೇ ಮಾಡುತ್ತದೆ). ಈ ಉದಾಹರಣೆಯಲ್ಲಿ ಪ್ರತಿ ಹೆಚ್ಚುವರಿ ಬೆಡ್-ದಿನಕ್ಕೆ 5 ಯೂನಿಟ್, ರೋಗಿಗಳೇ ಇಲ್ಲದಿದ್ದರೂ ಓಡುವ ತಳಮಟ್ಟ 12,000 ಯೂನಿಟ್. ಅಂದರೆ ಹತ್ತರಲ್ಲಿ ಎಂಟು ಪಾಲು ಕರೆಂಟಿಗೂ ರೋಗಿಗೂ ಸಂಬಂಧವೇ ಇಲ್ಲ. ವಾರ್ಡಿನಲ್ಲಿ ಫ್ಯಾನ್ ಆರಿಸಿ ಎಂದು ರೋಗಿಯ ಕಡೆಯವರಿಗೆ ಹೇಳುತ್ತ ಕೂರುವ ಬದಲು ಆ 12,000 ಎಲ್ಲಿಂದ ಬಂತು ಎಂದು ಹುಡುಕಬೇಕು. ಇಡೀ ಅಧ್ಯಯನದಲ್ಲಿ ಒಂದೇ ಒಂದು ಲೆಕ್ಕ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ.

ಹಂತ 4: ಹಳೆಯ ಬಿಲ್ಲುಗಳು

24 ತಿಂಗಳ ಬೆಸ್ಕಾಂ, ಜಲಮಂಡಳಿ, ಡೀಸೆಲ್, ಟ್ಯಾಂಕರ್, ಎಲ್‌ಪಿಜಿ, ಮೆಡಿಕಲ್ ಗ್ಯಾಸ್ ಬಿಲ್ಲುಗಳನ್ನು ಒಂದೇ ಹಾಳೆಗೆ ಇಳಿಸಿ. ರೂಪಾಯಿ ಅಲ್ಲ, ಯೂನಿಟ್, ಲೀಟರ್, ಕಿಲೋ. ದರ ಬದಲಾಗುತ್ತದೆ, ಅಳತೆ ಬದಲಾಗದು. ಬಿಲ್ಲಿನ ತಿಂಗಳು ಮತ್ತು ಕ್ಯಾಲೆಂಡರ್ ತಿಂಗಳು ಒಂದೇ ಅಲ್ಲ. ಮೀಟರ್ ಓದಿದ ದಿನಾಂಕವನ್ನೇ ಹಿಡಿಯಿರಿ. ಟ್ಯಾಂಕರ್ ಬಿಲ್ಲಿನಲ್ಲಿ ‘ಲೋಡ್’ ಎಂದಷ್ಟೇ ಇರುತ್ತದೆ. ಅದು 6,000 ಲೀಟರಿನದೋ 12,000ದ್ದೋ ಕೇಳಿ, ಒಮ್ಮೆ ಸಂಪಿನ ಮಟ್ಟ ಅಳೆದು ಪರೀಕ್ಷಿಸಿ. ಎಚ್‌ಟಿ (ಹೈ ಟೆನ್ಶನ್ ಸಂಪರ್ಕದ) ಬಿಲ್ಲಿನಲ್ಲಿ ಯೂನಿಟ್ ಜೊತೆಗೆ ಗರಿಷ್ಠ ಬೇಡಿಕೆಯ ಕೆವಿಎ (ಒಂದೇ ಹೊತ್ತಿಗೆ ಎಳೆದ ಅತಿ ಹೆಚ್ಚು ವಿದ್ಯುತ್ತಿನ ಅಳತೆ) ಮತ್ತು ಪವರ್ ಫ್ಯಾಕ್ಟರ್ (ಎಳೆದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು) ಬರೆದುಕೊಳ್ಳಿ. ಒಪ್ಪಂದದ ಕೆವಿಎ 250 ಇದ್ದು, ಎರಡು ವರ್ಷದಲ್ಲಿ ಬೇಡಿಕೆ 160 ದಾಟಿಲ್ಲವಾದರೆ ಬಳಸದ ಸಾಮರ್ಥ್ಯಕ್ಕೆ ಪ್ರತಿ ತಿಂಗಳೂ ದುಡ್ಡು ಕಟ್ಟುತ್ತಿದ್ದೀರಿ.

ಹಂತ 5: ಮೀಟರುಗಳು ಮತ್ತು 12 ವಾರಗಳ ತಳ ಅಳತೆ

ನೀರಿಗೆ ಕನಿಷ್ಠ ನಾಲ್ಕು ಮೀಟರ್: ಸಂಪಿಗೆ ಬರುವ ಕಡೆ (ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಬೇರೆ ಬೇರೆಯಾದರೆ ಇನ್ನೂ ಒಳ್ಳೆಯದು), ಓವರ್‌ಹೆಡ್ ಟ್ಯಾಂಕಿಗೆ ಹೋಗುವ ಕಡೆ, ಡಯಾಲಿಸಿಸ್ ಆರ್‌ಒ ಒಳಹರಿವು, ಲಾಂಡ್ರಿ. ವಿದ್ಯುತ್ತಿಗೆ ಮುಖ್ಯ ಮೀಟರಿನ ಜೊತೆ ಓಟಿ ಎಎಚ್‌ಯು ಮತ್ತು ಚಿಲ್ಲರ್ (ಎಸಿಗೆ ನೀರು ತಂಪು ಮಾಡುವ ಯಂತ್ರ), ಸಿಎಸ್‌ಎಸ್‌ಡಿ (ಉಪಕರಣಗಳನ್ನು ಸ್ಟೆರಿಲೈಸ್ ಮಾಡುವ ವಿಭಾಗ) ಹಾಗೂ ಪಂಪುಗಳಿಗೆ ಉಪಮೀಟರ್. ಜನರೇಟರಿಗೆ ಗಂಟೆಯ ಮೀಟರ್ ಓದಿ, ಡೀಸೆಲ್ ಟ್ಯಾಂಕಿಗೆ ಕಡ್ಡಿ ಇಳಿಸಿ ಮಟ್ಟ ನೋಡಿ. ಒಳ್ಳೆಯ ಲೋಡಿನಲ್ಲಿ ಲೀಟರಿಗೆ 3ರಿಂದ 3.5 ಯೂನಿಟ್ ಬರಬೇಕು. ಬಹಳ ಕಡಿಮೆ ಬಂದರೆ ಜನರೇಟರ್ ಅಗತ್ಯಕ್ಕಿಂತ ದೊಡ್ಡದಿದ್ದು ಅರೆಹೊಟ್ಟೆಯಲ್ಲಿ ಓಡುತ್ತಿದೆ, ಇಲ್ಲವೇ ಡೀಸೆಲ್ ಬೇರೆಡೆ ಹೋಗುತ್ತಿದೆ.

ಓದುವ ಹೊತ್ತು ದಿನವೂ ಒಂದೇ ಇರಲಿ. ಬೆಳಿಗ್ಗೆ 6 ಒಳ್ಳೆಯದು, ರಾತ್ರಿ ಪಾಳಿಯವರೇ ಬರೆದು ಸಹಿ ಹಾಕಿ ಹೋಗಲಿ. ಮೊದಲ 12 ವಾರ ಏನನ್ನೂ ಬದಲಾಯಿಸಬೇಡಿ. ಕಣ್ಣೆದುರು ನಲ್ಲಿ ಸೋರುತ್ತಿದ್ದರೆ ರಿಪೇರಿ ಮಾಡಿಸಿ, ದಿನಾಂಕ ಬರೆದಿಡಿ. ಆದರೆ ‘ಅಭಿಯಾನ’ ಶುರು ಮಾಡಬೇಡಿ. ತಳ ಅಳತೆ ಕೆಟ್ಟರೆ ಮುಂದಿನದಕ್ಕೆ ಆಧಾರವೇ ಇರುವುದಿಲ್ಲ.

ಹಂತ 6: ನೀರು

ಭಾರತೀಯ ಮಾನಕ 1172ರ ಪ್ರಕಾರ 100 ಹಾಸಿಗೆವರೆಗಿನ ಆಸ್ಪತ್ರೆಗೆ, ಲಾಂಡ್ರಿ ಸೇರಿ, ಹಾಸಿಗೆಗೆ ದಿನಕ್ಕೆ 340 ಲೀಟರ್; 100ಕ್ಕಿಂತ ಹೆಚ್ಚಿದ್ದರೆ 450 ಲೀಟರ್. ಇದು ಕಟ್ಟಡದ ವಿನ್ಯಾಸಕ್ಕಾಗಿ ಹೇಳಿದ ಅಂಕಿ, ಗುರಿಯಲ್ಲ. ಆದರೂ ನಿಮ್ಮದು ಇದರ ಎರಡರಷ್ಟಿದ್ದರೆ ನೀರು ರೋಗಿಗೆ ಹೋಗುತ್ತಿಲ್ಲ ಎಂದೇ ಅರ್ಥ.

ಮೊದಲು ರಾತ್ರಿಯ ಪರೀಕ್ಷೆ. 1 ಗಂಟೆಗೆ ಓವರ್‌ಹೆಡ್ ಟ್ಯಾಂಕಿನ ಪಂಪ್ ನಿಲ್ಲಿಸಿ, ಟ್ಯಾಂಕ್ ತುಂಬಿರಲಿ. ಉದ್ದನೆಯ ಅಳತೆಪಟ್ಟಿ ಇಳಿಸಿ ನೀರಿನ ಮಟ್ಟ ಗುರುತಿಸಿ. 4 ಗಂಟೆಗೆ ಮತ್ತೆ ಅಳೆಯಿರಿ. ಟ್ಯಾಂಕಿನ ತಳ 3 ಮೀಟರ್‌ಗೆ 4 ಮೀಟರ್ ಇದ್ದರೆ ಒಂದು ಸೆಂಟಿಮೀಟರ್ ಇಳಿತಕ್ಕೆ 120 ಲೀಟರ್. 15 ಸೆಂ.ಮೀ. ಇಳಿದರೆ 1,800 ಲೀಟರ್, ಗಂಟೆಗೆ 600. ಆ ಹೊತ್ತಿನ ನಿಜವಾದ ಬಳಕೆ ಗಂಟೆಗೆ 200 ಲೀಟರ್ ಎಂದು ಉದಾರವಾಗಿ ಹಿಡಿದರೂ ಉಳಿದ 400 ಲೀಟರ್ ಸೋರಿಕೆ. ಅದು ಹಗಲೂ ನಿಲ್ಲುವುದಿಲ್ಲ. ದಿನಕ್ಕೆ 9,600 ಲೀಟರ್, ಹೆಚ್ಚುಕಡಿಮೆ ಒಂದು ದೊಡ್ಡ ಟ್ಯಾಂಕರ್. ಬೆಳಿಗ್ಗೆ ಎಲ್ಲ ಕಮೋಡಿನ ಫ್ಲಶ್ ಟ್ಯಾಂಕಿಗೂ ಅಡುಗೆ ಬಣ್ಣದ ಕೆಲವು ಹನಿ ಹಾಕಿ, 15 ನಿಮಿಷ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಬಟ್ಟಲಿನಲ್ಲಿ ಬಣ್ಣ ಕಂಡರೆ ವಾಶರ್ ಹೋಗಿದೆ. ಸಂಪಿನ ಫ್ಲೋಟ್ ವಾಲ್ವ್, ಟೆರೇಸಿನ ಓವರ್‌ಫ್ಲೋ ಪೈಪು ಎರಡನ್ನೂ ಕೈಯಿಂದ ಮುಟ್ಟಿ ನೋಡಿ. ಓವರ್‌ಫ್ಲೋ ಪೈಪಿನ ನೀರು ಸೀದಾ ಮಳೆನೀರಿನ ಕೊಳವೆಗೆ ಸೇರುವಂತೆ ಕಟ್ಟಿದ್ದರೆ ವರ್ಷಗಟ್ಟಲೆ ಹರಿದರೂ ಯಾರಿಗೂ ಕಾಣುವುದಿಲ್ಲ.

ಡಯಾಲಿಸಿಸ್ ಇದ್ದರೆ ನೀರಿನ ಅತಿ ದೊಡ್ಡ ಅವಕಾಶ ಅಲ್ಲಿದೆ. ಡಯಾಲಿಸೇಟ್ (ರಕ್ತ ಶುದ್ಧೀಕರಿಸಲು ಯಂತ್ರದಲ್ಲಿ ಹರಿಯುವ ದ್ರವ) ನಿಮಿಷಕ್ಕೆ 500 ಮಿ.ಲೀ. ಹರಿದರೆ 4 ಗಂಟೆಗೆ 120 ಲೀಟರ್. ತೊಳೆತ, ಪ್ರೈಮಿಂಗ್ (ಶುರುವಿಗೆ ಕೊಳವೆ ತುಂಬಿಸುವುದು) ಸೇರಿಸಿ ಒಂದು ಸರದಿಗೆ 150 ಎನ್ನಿ. 10 ಯಂತ್ರ, ದಿನಕ್ಕೆ 3 ಸರದಿ ಎಂದರೆ 4,500 ಲೀಟರ್ ಶುದ್ಧ ನೀರು. ಆರ್‌ಒ ಅರ್ಧದಷ್ಟು ನೀರನ್ನು ರಿಜೆಕ್ಟ್ ಮಾಡುತ್ತಿದ್ದರೆ ಇನ್ನೊಂದು 4,500 ಲೀಟರ್ ಮೋರಿಗೆ ಹೋಗುತ್ತಿರುತ್ತದೆ. ಈ ರಿಜೆಕ್ಟ್ ನೀರು ರಕ್ತವನ್ನೂ ರೋಗಿಯನ್ನೂ ಮುಟ್ಟಿದ್ದಲ್ಲ. ಲವಣ ಹೆಚ್ಚಿರುವ ನೀರು, ಅಷ್ಟೇ. ಯಂತ್ರದಿಂದ ಹೊರಬರುವ ಬಳಸಿದ ಡಯಾಲಿಸೇಟ್ ಬೇರೆ. ಅದು ಇಟಿಪಿಗೇ (ಕೊಳಕು ನೀರು ಸಂಸ್ಕರಿಸುವ ಘಟಕಕ್ಕೇ) ಹೋಗಬೇಕು. ಎರಡರ ಪೈಪನ್ನು ಎಲ್ಲಿಯೂ ಸೇರಿಸಬೇಡಿ.

ರಿಜೆಕ್ಟ್ ನೀರನ್ನು ಬಹಳ ಕಡೆ ತೋಟಕ್ಕೆ ಬಿಡುತ್ತಾರೆ. ಒಂದೆರಡು ವರ್ಷಕ್ಕೆ ಮಣ್ಣು ಗಟ್ಟಿಯಾಗಿ ಗಿಡ ಒಣಗುತ್ತದೆ. ಆರ್‌ಒಗಿಂತ ಮೊದಲು ಸಾಫ್ಟ್‌ನರ್ ಇರುತ್ತದೆ, ಅದು ಕ್ಯಾಲ್ಸಿಯಂ ಕಿತ್ತು ಸೋಡಿಯಂ ಹಾಕುತ್ತದೆ. ರಿಜೆಕ್ಟ್‌ನಲ್ಲಿ ಆ ಸೋಡಿಯಂ ಮತ್ತೂ ಸಾಂದ್ರವಾಗುತ್ತದೆ. ಹಾಗಾಗಿ ಶೌಚಾಲಯದ ಫ್ಲಶ್‌ಗೆ ಬಳಸುವುದೇ ಸರಿ. ಇನ್ನೊಂದು ಎಚ್ಚರ: ಆರ್‌ಒಗೆ ಮೊದಲು ಕಾರ್ಬನ್ ಫಿಲ್ಟರ್ ಕ್ಲೋರಿನ್ ಅನ್ನು ತೆಗೆದುಬಿಟ್ಟಿರುತ್ತದೆ. ನಿಂತರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಒಂದು ದಿನದೊಳಗೆ ಖಾಲಿಯಾಗುವಷ್ಟೇ ಟ್ಯಾಂಕ್ ಇಡಿ, ಅಥವಾ ಕ್ಲೋರಿನ್ ಹಾಕಿ. ಬೇರೆ ಬಣ್ಣದ ಪೈಪು, ಪ್ರತಿ ತಿರುವಿನಲ್ಲೂ ‘ಕುಡಿಯುವ ನೀರಲ್ಲ’ ಎಂಬ ಬರಹ ಕಡ್ಡಾಯ.

ನಲ್ಲಿಗಳ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಜಾಲರಿ) ವಿಷಯದಲ್ಲಿ ಆತುರ ಬೇಡ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ವಾಣಿಜ್ಯ ಕಟ್ಟಡಗಳ ನಲ್ಲಿಗೆ ಏರೇಟರ್ ಕಡ್ಡಾಯ ಮಾಡಿತು. ಒಪಿಡಿ, ಕಚೇರಿ, ಸಂದರ್ಶಕರ ಶೌಚಾಲಯಗಳಿಗೆ ಅದು ಸರಿಯಾದ ಕ್ರಮ. ಆದರೆ ಏರೇಟರಿನ ಜಾಲರಿಯಲ್ಲಿ ಲೋಳೆ ಕಟ್ಟಿ ಸೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ನೆಲೆಸುತ್ತವೆ. ಐಸಿಯು, ಓಟಿ ಸ್ಕ್ರಬ್, ಕೀಮೋ ವಾರ್ಡಿನಲ್ಲಿ ಜಾಲರಿಯಿಲ್ಲದ ಹರಿವು ನಿಯಂತ್ರಕ, ಮೊಣಕೈ ಅಥವಾ ಕಾಲಿನ ಪೆಡಲ್ ನಲ್ಲಿ ಹಾಕುವುದು ಲೇಸು. ಸೋಂಕು ನಿಯಂತ್ರಣದ ಸಿಸ್ಟರ್ ಒಪ್ಪಿದ ಪಟ್ಟಿಯಂತೆಯೇ ನಡೆಯಿರಿ.

ಮಳೆನೀರು ಕೊಯ್ಲು ಬೆಂಗಳೂರಿನಲ್ಲಿ 2009ರಿಂದ ಕಾನೂನಿನಲ್ಲಿದೆ. 1,000 ಚದರ ಮೀಟರ್ ಚಾವಣಿಗೆ, ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ ಹಿಡಿದು, ಐದನೇ ಒಂದು ಪಾಲು ನಷ್ಟ ಕಳೆದರೆ ಸುಮಾರು 7.8 ಲಕ್ಷ ಲೀಟರ್. 100 ಹಾಸಿಗೆಗೆ 340 ಲೀಟರಿನಂತೆ ಇದು 23 ದಿನದ ನೀರು. ಇಡೀ ವರ್ಷದ ಉತ್ತರ ಇದಲ್ಲ, ಆದರೆ ಏಪ್ರಿಲ್-ಮೇ ಮಳೆ ಬೀಳುವಾಗ ಅದು ಟ್ಯಾಂಕರನ್ನು ತಪ್ಪಿಸುತ್ತದೆ.

ಹಂತ 7: ಓಟಿಯ ಗಾಳಿ

ತಳಮಟ್ಟದ ಕರೆಂಟಿನಲ್ಲಿ ಓಟಿಯ ಹವಾನಿಯಂತ್ರಣಕ್ಕೆ ದೊಡ್ಡ ಪಾಲು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಮಂಡಳಿಯಾದ ಎನ್‌ಎಬಿಎಚ್‌ನ 2018ರ ಮಾರ್ಗಸೂಚಿಯ ಪ್ರಕಾರ ಗಂಟೆಗೆ ಕನಿಷ್ಠ 20 ಬಾರಿ ಗಾಳಿ ಬದಲಾಗಬೇಕು, ಅದರಲ್ಲಿ 4 ಬಾರಿ ಹೊರಗಿನ ಹೊಸ ಗಾಳಿ. ತಾಪ 21 ಡಿಗ್ರಿ, 3 ಡಿಗ್ರಿ ಆಚೀಚೆ. ಶಸ್ತ್ರಚಿಕಿತ್ಸೆ ಇಲ್ಲದ ಹೊತ್ತಲ್ಲೂ ಬ್ಲೋವರ್ ನಿಲ್ಲಬಾರದು, ಒಳಗಿನ ಒತ್ತಡ ಹೊರಗಿಗಿಂತ ಹೆಚ್ಚೇ ಇರಬೇಕು. ಆದರೆ ಆ ಹೊತ್ತಿನಲ್ಲಿ ತಂಪು ಬೇಕಿಲ್ಲ, ಬ್ಲೋವರಿಗೆ ವಿಎಫ್‌ಡಿ (ಮೋಟಾರಿನ ವೇಗ ಹೆಚ್ಚುಕಡಿಮೆ ಮಾಡುವ ಸಾಧನ) ಬಳಸಬಹುದು ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಈ ಎರಡನೆಯ ಮಾತನ್ನು ಬಹಳ ಮಂದಿ ಓದಿರುವುದಿಲ್ಲ. ಮೊದಲನೆಯದಕ್ಕೆ ಹೆದರಿ ಇಡೀ ರಾತ್ರಿ ಖಾಲಿ ಓಟಿಯನ್ನು 19 ಡಿಗ್ರಿಗೆ ತಂಪು ಮಾಡುತ್ತಾರೆ.

ಫ್ಯಾನಿನ ವೇಗ ಇಳಿದರೆ ಅದು ಎಳೆಯುವ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಇಳಿಯುತ್ತದೆ. ಶೇ. 60 ವೇಗಕ್ಕೆ ಲೆಕ್ಕದ ಪ್ರಕಾರ ಶೇ. 22 ಶಕ್ತಿ ಸಾಕು. 7.5 ಕಿಲೋವ್ಯಾಟ್ ಬ್ಲೋವರ್ ರಾತ್ರಿ 12 ಗಂಟೆಗೆ 90 ಯೂನಿಟ್ ತಿನ್ನುವಲ್ಲಿ ಸುಮಾರು 20ರಿಂದ 25ಕ್ಕೆ ಇಳಿಯುತ್ತದೆ. ಚಿಲ್ಲರಿನ ಉಳಿತಾಯ ಅದರ ಮೇಲೆ. ಮಾಡುವ ಕ್ರಮ ಹೀಗೆ: ಬಾಗಿಲ ಬಳಿ ಒತ್ತಡದ ಗೇಜ್ ಕೂರಿಸಿ. ವೇಗವನ್ನು ಹತ್ತು ಹತ್ತು ಪ್ರತಿಶತ ಇಳಿಸುತ್ತ, ಒತ್ತಡ ಧನಾತ್ಮಕವಾಗಿ ಉಳಿಯುವ ಕೊನೆಯ ಹಂತಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಲ್ಲಿಸಿ. ಮೊದಲ ಕೇಸಿಗೆ ಎಷ್ಟು ಮುಂಚೆ ಪೂರ್ಣ ವೇಗಕ್ಕೆ ತಂದರೆ ತಾಪ, ತೇವಾಂಶ ಸರಿಹೋಗುತ್ತದೆ ಎಂದು ಐದಾರು ದಿನ ಅಳೆದು ಆ ಸಮಯ ಗೊತ್ತು ಮಾಡಿ. ತುರ್ತು ಸಿಸೇರಿಯನ್‌ಗೆ ಮೀಸಲಾದ ಓಟಿಯನ್ನು ಈ ಪ್ರಯೋಗದಿಂದ ಹೊರಗಿಡಿ. ಮಳೆಗಾಲದಲ್ಲಿ ತೇವಾಂಶ ಶೇ. 60 ದಾಟಿದರೆ ತಂಪನ್ನು ಪೂರ್ತಿ ನಿಲ್ಲಿಸಬಾರದು, ಬೂಷ್ಟು ಬರುತ್ತದೆ.

ಓಟಿ, ಐಸಿಯು ಬಿಟ್ಟರೆ ಬೆಂಗಳೂರಿನ ಹವೆಗೆ ಕಿಟಕಿ ತೆರೆಯುವುದೇ ವರ್ಷದ ಬಹುಪಾಲು ಸಾಕು. ಸುಮಾರು 900 ಮೀಟರ್ ಎತ್ತರದ ಊರಿದು. ಒಪಿಡಿ ಹಾಲಿಗೆ ಗಾಜು ಮುಚ್ಚಿ ಎಸಿ ಹಾಕುವುದರಿಂದ ಕರೆಂಟೂ ಹೋಗುತ್ತದೆ, ಕೆಮ್ಮುವವರ ಗಾಳಿ ಒಳಗೇ ಸುತ್ತುತ್ತದೆ. ಕ್ಷಯದ ದೃಷ್ಟಿಯಿಂದಲೂ ತೆರೆದ ಕಿಟಕಿ ಉತ್ತಮ. ಚಾವಣಿ ಸೋಲಾರ್ ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, ಸುಮಾರು 10 ಚದರ ಮೀಟರ್ ಜಾಗ ಕೇಳುತ್ತದೆ. ಆದರೆ ತಳಮಟ್ಟ ಇಳಿಸಿದ ಮೇಲೆ ಹಾಕಿಸಿ, ಮೊದಲೇ ಹಾಕಿಸಿದರೆ ಪೋಲಿಗೂ ಫಲಕ ಕೊಂಡಂತೆ.

ಹಂತ 8: ಅರಿವಳಿಕೆ ಅನಿಲ

ಈ ಒಂದು ಕಡೆ ದುಡ್ಡು ಹಾಕದೆ, ಒಬ್ಬರ ತೀರ್ಮಾನದಿಂದಲೇ ದೊಡ್ಡ ಬದಲಾವಣೆ ಸಾಧ್ಯ. ನೂರು ವರ್ಷದ ಲೆಕ್ಕದಲ್ಲಿ ಡೆಸ್‌ಫ್ಲುರೇನ್ ಎಂಬ ಅರಿವಳಿಕೆ ಅನಿಲದ ಒಂದು ಕಿಲೋ ಸುಮಾರು 2,540 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಐಸೋಫ್ಲುರೇನ್ 510, ಸೆವೋಫ್ಲುರೇನ್ 130. ನಿಮಿಷಕ್ಕೆ 2 ಲೀಟರ್ ತಾಜಾ ಅನಿಲದ ಹರಿವಿನಲ್ಲಿ ಶೇ. 6 ಡೆಸ್‌ಫ್ಲುರೇನ್ ಕೊಟ್ಟರೆ ಗಂಟೆಗೆ ಸುಮಾರು 50 ಗ್ರಾಂ, ಅಂದರೆ 127 ಕಿಲೋ. ಅದೇ ಹರಿವಿನಲ್ಲಿ ಶೇ. 2 ಸೆವೋಫ್ಲುರೇನ್ 20 ಗ್ರಾಂ, ಅಂದರೆ 2.6 ಕಿಲೋ. ಒಂದು ಲೀಟರ್ ಡೀಸೆಲ್ ಸುಟ್ಟರೆ 2.68 ಕಿಲೋ. ಒಂದು ಗಂಟೆಯ ಡೆಸ್‌ಫ್ಲುರೇನ್ ಎಂದರೆ 47 ಲೀಟರ್ ಡೀಸೆಲ್ ಉರಿಸಿದ ಹಾಗೆ. ಈ ಲೆಕ್ಕವನ್ನು ಅರಿವಳಿಕೆ ತಜ್ಞರ ಮುಂದಿಟ್ಟರೆ ಬೇರೆ ವಾದ ಬೇಕಾಗುವುದಿಲ್ಲ. ಸ್ಕಾಟ್ಲೆಂಡ್ 2023ರಲ್ಲೇ ಡೆಸ್‌ಫ್ಲುರೇನ್ ಅನ್ನು ಕೈಬಿಟ್ಟಿದೆ. ಆಯ್ಕೆ ಮಾತ್ರ ಯಾವಾಗಲೂ ವೈದ್ಯರದ್ದೇ ಆಗಿರಲಿ.

ನೈಟ್ರಸ್ ಆಕ್ಸೈಡಿನದು ಬೇರೆಯೇ ಸಮಸ್ಯೆ. ಎಷ್ಟೋ ಕಡೆ ಅದರ ಬಹುಪಾಲು ರೋಗಿಗೆ ತಲುಪುವ ಮೊದಲೇ ಪೈಪಿನಲ್ಲಿ ಸೋರಿಹೋಗುತ್ತದೆ. ಪರೀಕ್ಷಿಸುವುದು ಸುಲಭ. ಅರಿವಳಿಕೆ ಚಾರ್ಟ್‌ಗಳಿಂದ ತಿಂಗಳ ಬಳಕೆ ಕೂಡಿಸಿ: 10 ಕೇಸು, ತಲಾ 60 ನಿಮಿಷ, ನಿಮಿಷಕ್ಕೆ 2 ಲೀಟರ್ ಎಂದರೆ 1,200 ಲೀಟರ್, ತೂಕದಲ್ಲಿ ಸುಮಾರು 2.2 ಕಿಲೋ. ಆ ತಿಂಗಳು ಕೊಂಡದ್ದು 30 ಕಿಲೋ ಆದರೆ 27ಕ್ಕೂ ಹೆಚ್ಚು ಕಿಲೋ ಗಾಳಿಗೆ ಹೋಯಿತು. ಒಂದು ಕಿಲೋಗೆ 273 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಗುಣಿಸಿ ನೋಡಿ. ಸೋರಿಕೆ ಹುಡುಕಿ ಮುಚ್ಚುವ ಬದಲು ಮ್ಯಾನಿಫೋಲ್ಡನ್ನೇ ಬಂದ್ ಮಾಡಿ, ಬೇಕಾದ ಯಂತ್ರಕ್ಕೆ ಸಣ್ಣ ಸಿಲಿಂಡರ್ ಕೂರಿಸಿ, ಬಳಸದಾಗ ಸಿಲಿಂಡರಿನ ವಾಲ್ವ್ ಮುಚ್ಚಿಡುವುದು ಒಳ್ಳೆಯದು. ಬಂದ್ ಮಾಡುವ ಕೆಲಸ ಗ್ಯಾಸ್ ಪೈಪ್‌ಲೈನ್ ತಂತ್ರಜ್ಞರದು. ಆಮ್ಲಜನಕದ ಪೈಪಿನೊಂದಿಗೆ ಅದಲುಬದಲಾಗದಂತೆ ಪ್ರತಿ ಔಟ್‌ಲೆಟ್ ಪರೀಕ್ಷಿಸಿದ ವರದಿ ಪಡೆಯದೆ ಓಟಿ ಶುರು ಮಾಡಬಾರದು.

ಹಂತ 9: ತ್ಯಾಜ್ಯ

ಆಸ್ಪತ್ರೆಯ ಕಸದಲ್ಲಿ ಶೇ. 85 ಸಾಮಾನ್ಯ ಕಸ, ಶೇ. 15 ಮಾತ್ರ ಅಪಾಯಕಾರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಪಾಯಕಾರಿ ಕಸಕ್ಕೆಂದು ಇರುವ ನಿಮ್ಮ ಹಳದಿ, ಕೆಂಪು, ಬಿಳಿ, ನೀಲಿ ಬಣ್ಣದ ಚೀಲ, ಡಬ್ಬಿಗಳು ನಾಲ್ಕೂ ಸೇರಿ ಶೇ. 40 ಆಗುತ್ತಿದ್ದರೆ ಒಳ್ಳೆಯ ಕಸ ಕೆಟ್ಟದ್ದರಲ್ಲಿ ಬೆರೆಯುತ್ತಿದೆ. ಈ ಅಂಕಿ ಹುಡುಕಲು ಕಷ್ಟಪಡಬೇಕಿಲ್ಲ, ಬಾರ್‌ಕೋಡ್ ಹಚ್ಚಿ ಕಳಿಸುವ ಪ್ರತಿ ಚೀಲದ ತೂಕ ಈಗಾಗಲೇ ದಾಖಲಾಗುತ್ತಿದೆ. ಸಾಮಾನ್ಯ ಕಸವನ್ನು ಮಾತ್ರ ಏಳು ದಿನ ಬಿಡದೆ ತೂಗಿ.

ಎಲ್ಲಿ ಬೆರೆಯುತ್ತಿದೆ ಎಂದು ತಿಳಿಯಲು ಹಳದಿ ಚೀಲ ಬಿಚ್ಚಿ ಸುರಿಯಬೇಡಿ. ಡಬ್ಬಿಯ ಬಳಿಯೇ ನಿಂತು, ಮೇಲಿನಿಂದ ಕಾಣುವುದನ್ನು ಬರೆದುಕೊಳ್ಳಿ. ಡ್ರೆಸಿಂಗ್ ಟ್ರಾಲಿಯನ್ನು ಅರ್ಧ ಗಂಟೆ ಗಮನಿಸಿದರೆ ಕಥೆ ತಿಳಿಯುತ್ತದೆ. ಗ್ಲೌಸಿನ ಕಾಗದದ ಪೊಟ್ಟಣ, ಸಿರಿಂಜಿನ ಹೊರಕವಚ, ಸಲೈನ್ ಬಾಟಲಿಯ ಮೇಲಿನ ಪ್ಲಾಸ್ಟಿಕ್, ಇವೆಲ್ಲ ರೋಗಿಯನ್ನು ಮುಟ್ಟದವು, ಸಾಮಾನ್ಯ ಕಸಕ್ಕೆ ಹೋಗಬೇಕಾದವು; ಆದರೆ ಟ್ರಾಲಿಗೆ ನೇತುಹಾಕಿರುವುದು ಹಳದಿ ಚೀಲ ಒಂದೇ. ಸಿಸ್ಟರ್ ಗ್ಲೌಸ್ ಹಾಕಿದ ಕೈಯಲ್ಲಿ ಹತ್ತು ಹೆಜ್ಜೆ ನಡೆದು ಬೇರೆ ಡಬ್ಬಿಗೆ ಹಾಕಲಾರರು. ತಪ್ಪು ಅವರದಲ್ಲ, ಟ್ರಾಲಿಯದು. ಇನ್ನೊಂದು ಚೀಲ ನೇತುಹಾಕಿ.

ಹಳದಿ ಚೀಲ ಸುಡುವುದಕ್ಕೆ ಹೋಗುತ್ತದೆ. ಅದರಲ್ಲಿ ಐವಿ ಟ್ಯೂಬು, ಪಿವಿಸಿ ಸೇರಿದರೆ ಡಯಾಕ್ಸಿನ್‌ನಂಥ ವಿಷ ಹುಟ್ಟುತ್ತದೆ, ಅವು ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಲಾಗದ ಬಿಳಿ ಡಬ್ಬಿಗೆ, ಮುಕ್ಕಾಲು ತುಂಬಿದೊಡನೆ ಮುಚ್ಚಬೇಕು. ಗಾಜಿನ ವಯಲ್ ನೀಲಿಗೆ. ಸಂಸ್ಕರಿಸದ ಹಳದಿ ತ್ಯಾಜ್ಯ 48 ಗಂಟೆಗಿಂತ ಹೆಚ್ಚು ಇರಬಾರದು. ಕಡಿಮೆ ಮಾಡುವ ಉತ್ಸಾಹದಲ್ಲಿ ಸೋಂಕಿನ ಕಸ ಸಾಮಾನ್ಯ ಚೀಲಕ್ಕೆ ಹೋದರೆ ಅದನ್ನು ಬರಿಗೈಯಲ್ಲಿ ಬೇರ್ಪಡಿಸುವವರು ಪೌರಕಾರ್ಮಿಕರು. ಆದ್ದರಿಂದ ಹಳದಿಯ ತೂಕ ಇಳಿದದ್ದನ್ನು ಮಾತ್ರ ನೋಡಬೇಡಿ, ಸಾಮಾನ್ಯ ಚೀಲಗಳಲ್ಲಿ ತಪ್ಪು ಕಸ ಎಷ್ಟು ಕಂಡಿತು ಎಂಬುದನ್ನೂ ವಾರಕ್ಕೊಮ್ಮೆ ಎಣಿಸಿ. ಅದು ಸೊನ್ನೆಯೇ ಇರಬೇಕು.

ಹಂತ 10: ಒಂದು ಸಲಕ್ಕೆ ಒಂದೇ ಬದಲಾವಣೆ

ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಉಳಿಯಿತೆಂದು ಯಾರಿಗೂ ಗೊತ್ತಾಗದು. ಒಂದು ಬದಲಾವಣೆ, ಎಂಟು ವಾರ, ನಂತರ ಮುಂದಿನದು. ವಾರದ ಅಂಕಿಗಳನ್ನು ಗೆರೆಯಾಗಿ ಬರೆದು, ಮೊದಲ 12 ವಾರದ ಮಧ್ಯಾಂಕವನ್ನು (ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದನ್ನು) ಅಡ್ಡಗೆರೆಯಾಗಿ ಎಳೆಯಿರಿ. ಬದಲಾವಣೆಯ ನಂತರ ಸತತ ಆರು ಅಥವಾ ಹೆಚ್ಚು ಚುಕ್ಕಿಗಳು ಆ ಗೆರೆಯ ಕೆಳಗೇ ಬಿದ್ದರೆ ಅದು ಆಕಸ್ಮಿಕವಲ್ಲ. ಗೆರೆಯ ಮೇಲೇ ಕೂತ ಚುಕ್ಕಿಯನ್ನು ಎಣಿಸಬಾರದು. ಎರಡು ವಾರದ ಇಳಿತ ಕಂಡು ಆಡಳಿತ ಮಂಡಳಿಗೆ ಪವರ್‌ಪಾಯಿಂಟ್ ಮಾಡಬೇಡಿ.

ಏಪ್ರಿಲ್‌ನ ತಳ ಅಳತೆಯನ್ನು ಡಿಸೆಂಬರಿಗೆ ಹೋಲಿಸುವುದು ಅತಿ ಸಾಮಾನ್ಯ ತಪ್ಪು. ಎಸಿ ತಾನಾಗಿಯೇ ಕಡಿಮೆಯಾಗಿರುತ್ತದೆ. ಹೋದ ವರ್ಷದ ಅದೇ ತಿಂಗಳ ಬಿಲ್ಲನ್ನೂ ಪಕ್ಕದಲ್ಲಿಡಿ. ಹಂತ 4ರ 24 ತಿಂಗಳ ಹಾಳೆ ಇದಕ್ಕೇ ಬೇಕಿದ್ದದ್ದು.

ಪ್ರತಿ ಬದಲಾವಣೆಗೂ ‘ಏನು ಕೆಡಬಾರದು’ ಎಂಬ ಅಳತೆ ಜೊತೆಗಿರಲಿ. ಗಾಳಿಗೆ ಶಸ್ತ್ರಚಿಕಿತ್ಸೆಯ ಗಾಯದ ಸೋಂಕು ಮತ್ತು ಓಟಿಯ ಒತ್ತಡ. ನೀರಿಗೆ ನಲ್ಲಿ ನೀರಿನ ಕಲ್ಚರ್ (ಬ್ಯಾಕ್ಟೀರಿಯಾ ಪರೀಕ್ಷೆ). ಕಸಕ್ಕೆ ಸೂಜಿ ಚುಚ್ಚಿದ ಪ್ರಕರಣ. ಬಿಸಿನೀರಿನ ತಾಪ ಇಳಿಸಿ ಕರೆಂಟು ಉಳಿಸಲು ಹೋಗಬೇಡಿ. ಸಂಗ್ರಹದ ಟ್ಯಾಂಕ್ 60 ಡಿಗ್ರಿಗಿಂತ ಕೆಳಗಿಳಿದಷ್ಟೂ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ ಹೆಚ್ಚು. ಕೆಡಬಾರದ್ದು ಕೆಟ್ಟ ಸೂಚನೆ ಕಂಡ ದಿನವೇ ಹಿಂದಕ್ಕೆ ತಿರುಗಿಸಿ, ಎಂಟು ವಾರ ಕಾಯಬೇಡಿ.

ಹಂತ 11: ಇಂಗಾಲದ ಲೆಕ್ಕ ಮತ್ತು ಖರೀದಿ

ಕೊನೆಯಲ್ಲಿ ಗುಣಿಸಿ: ಗ್ರಿಡ್ ವಿದ್ಯುತ್ ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್, ಡೀಸೆಲ್ ಲೀಟರಿಗೆ 2.68, ಎಲ್‌ಪಿಜಿ ಕಿಲೋಗೆ ಸುಮಾರು 3, ಅನಿಲಗಳು ಮೇಲೆ ಹೇಳಿದಂತೆ. ಆರೋಗ್ಯ ಕ್ಷೇತ್ರದ ಹೊರಸೂಸುವಿಕೆಯಲ್ಲಿ ಶೇ. 71 ಖರೀದಿಯ ಸರಪಳಿಯಿಂದ ಬರುತ್ತದೆ ಎಂದು 2019ರ ಅದೇ ವರದಿ ಹೇಳುತ್ತದೆ. ಒಂದು ಸಣ್ಣ ಆಸ್ಪತ್ರೆ ಔಷಧ ಕಾರ್ಖಾನೆಯನ್ನು ಬದಲಿಸಲಾರದು, ಆದರೆ ಎಷ್ಟು ಕೊಳ್ಳಬೇಕೆಂಬುದು ಅದರ ಕೈಲಿದೆ. ಅರವಿಂದ ಕಣ್ಣಿನ ಆಸ್ಪತ್ರೆಯ ಬಗ್ಗೆ 2017ರಲ್ಲಿ ಬಂದ ಅಧ್ಯಯನದಲ್ಲಿ ಒಂದು ಫೇಕೋ (ಕಣ್ಣಿನ ಪೊರೆ ತೆಗೆಯುವ) ಶಸ್ತ್ರಚಿಕಿತ್ಸೆಗೆ ಸುಮಾರು 6 ಕಿಲೋ ಇಂಗಾಲದ ಡೈಆಕ್ಸೈಡಿನ ಲೆಕ್ಕ ಬಂತು, ಬ್ರಿಟನ್ನಿನ ಅಂಥದ್ದೇ ಶಸ್ತ್ರಚಿಕಿತ್ಸೆಯ ಸುಮಾರು ಶೇ. 5. ಉಪಕರಣ ತೊಳೆದು ಆಟೋಕ್ಲೇವ್ ಮಾಡಿ ಮರುಬಳಸುವುದು, ಒಂದು ಬಾಟಲಿ ಹನಿಯನ್ನು ಹಲವರಿಗೆ ಬಳಸುವುದು ಇದರ ಹಿಂದಿನ ಕಾರಣಗಳಲ್ಲಿ ಮುಖ್ಯ. ನಮ್ಮ ಹಳೆಯ ಸಿಎಸ್‌ಎಸ್‌ಡಿ ಅಭ್ಯಾಸಗಳನ್ನು ‘ಡಿಸ್ಪೋಸಬಲ್’ ಎಂಬ ಹೆಸರಿನಲ್ಲಿ ಬಿಟ್ಟುಕೊಡುವ ಮೊದಲು ಈ ಅಂಕಿಯನ್ನು ನೆನೆಯಬೇಕು. ಕಾಟನ್ ಗೌನ್, ಸ್ಟೀಲ್ ಕಿಡ್ನಿ ಟ್ರೇ, ಮರುಬಳಸುವ ಡ್ರೇಪ್, ಇವು ಸರಿಯಾಗಿ ಸ್ಟೆರಿಲೈಸ್ ಆಗುತ್ತಿರುವವರೆಗೆ ಹಿಂದುಳಿದವಲ್ಲ.

ಹಂತ 12: ಬರೆಯುವುದು, ಉಳಿಸಿಕೊಳ್ಳುವುದು

ಮೀಟರಿನ ಅಂಕಿಗಳಲ್ಲಿ ರೋಗಿಯ ಗುರುತಿಲ್ಲ. ಆದರೆ ಪ್ರಕಟಿಸುವ ಉದ್ದೇಶವಿದ್ದರೆ, ಅದರಲ್ಲೂ ಸಿಬ್ಬಂದಿಯ ಸಂದರ್ಶನ, ಸೋಂಕಿನ ದಾಖಲೆ ಬಳಸುವುದಾದರೆ, ಶುರು ಮಾಡುವ ಮೊದಲೇ ನೈತಿಕ ಸಮಿತಿಗೆ ಅರ್ಜಿ ಹಾಕಿ. ಮುಗಿದ ಮೇಲೆ ಒಪ್ಪಿಗೆ ಸಿಗದು. ಬರೆಯುವಾಗ ಸ್ಕ್ವೈರ್ 2.0 (ಆರೋಗ್ಯ ಸೇವೆ ಸುಧಾರಣೆಯ ಅಧ್ಯಯನಗಳನ್ನು ಬರೆಯುವ ಬಗೆಯ) ಮಾರ್ಗಸೂಚಿ ಅನುಸರಿಸಿ. ಫಲಿಸದ ಪ್ರಯತ್ನವನ್ನೂ ಬರೆಯಿರಿ. ಬೆಂಗಳೂರಿನ ಇನ್ನೊಂದು ಆಸ್ಪತ್ರೆಗೆ ಅದೇ ಹೆಚ್ಚು ಉಪಯೋಗ.

ಹೌಸ್‌ಕೀಪಿಂಗ್‌ನವರು ಬಹುತೇಕ ಗುತ್ತಿಗೆಯವರು, ಕೆಲವೇ ತಿಂಗಳಲ್ಲಿ ಬದಲಾಗುತ್ತಾರೆ. ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ಕೊಡುವ ತರಬೇತಿ ಅವರಿಗೆ ತಲುಪುವುದೇ ಇಲ್ಲ. ಪಾಳಿ ಬದಲಾಗುವ ಹೊತ್ತಿನಲ್ಲಿ, ಡಬ್ಬಿಯ ಎದುರು ನಿಂತು, ಹತ್ತು ನಿಮಿಷ, ಕನ್ನಡ, ತಮಿಳು, ತೆಲುಗು, ಹಿಂದಿ ಯಾವುದರಲ್ಲಿ ತಿಳಿಯುತ್ತದೋ ಅದರಲ್ಲಿ ಹೇಳಿಕೊಡಬೇಕು. ಹೆಪಟೈಟಿಸ್ ಬಿ ಲಸಿಕೆ, ದಪ್ಪ ಗ್ಲೌಸು, ಗಂಬೂಟು ಗುತ್ತಿಗೆಯವರಿಗೂ ಆಸ್ಪತ್ರೆಯೇ ಖಾತ್ರಿಪಡಿಸಲಿ. ಮುಂದಿನ ಗುತ್ತಿಗೆಯ ಕರಾರಿನಲ್ಲಿ ಮೀಟರ್ ಓದುವುದು, ಚೀಲ ತೂಗುವುದು ಎರಡನ್ನೂ ಕೆಲಸದ ಪಟ್ಟಿಗೆ ಸೇರಿಸಿ, ಅದಕ್ಕೆ ಹಣವನ್ನೂ ತೋರಿಸಿ. ಅಧ್ಯಯನ ಮುಗಿದ ಮೇಲೆ ಎಲ್ಲ ಮೀಟರನ್ನೂ ದಿನವೂ ಓದಬೇಕಿಲ್ಲ. ಓವರ್‌ಹೆಡ್ ಟ್ಯಾಂಕಿನ ಮೀಟರ್, ಓಟಿ ಎಎಚ್‌ಯು ಉಪಮೀಟರ್, ಹಳದಿ ಚೀಲದ ತೂಕ, ರಾತ್ರಿ 12ರ ಬೆಡ್ ಎಣಿಕೆ, ಈ ನಾಲ್ಕು ಮಾತ್ರ ರಿಜಿಸ್ಟರಿನಲ್ಲಿ ಮುಂದುವರಿಯಲಿ, ರಾತ್ರಿಯ ಟ್ಯಾಂಕ್ ಪರೀಕ್ಷೆ ಮೂರು ತಿಂಗಳಿಗೊಮ್ಮೆ.